ಪರ್ಸನಲ್ ಆಫೀಸರೂ ನಿಲ್ಲದ ಬಸ್ಸುಗಳೂ

ಮನುಷ್ಯರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಪುಸ್ತಕ ಓದಿ ಬಂದವನ ಮುಂದೆ ಮನುಷ್ಯರು ದಿನಕ್ಕೊಂದು ಪ್ರಸಂಗ ತಂದು ನಿಲ್ಲಿಸುತ್ತಾರೆ. ನನಗಂತೂ ಬೆಳಗಿನ ಮೊದಲ ಬಸ್ಸು ಶೆಡ್ಡು ಬಿಡುವ ಮೊದಲೇ ಒಂದು ಶುರುವಾಗಿರುತ್ತಿತ್ತು.

ಅರವತ್ತರ ದಶಕ. ಕಾರ್ಮಿಕ ಕಲ್ಯಾಣದ ಡಿಪ್ಲೊಮಾ ಮುಗಿಸಿ ಸಾಗರದ ಒಂದು ಖಾಸಗಿ ಬಸ್ ಕಂಪನಿಗೆ ಸೇರಿದ್ದೆ. ಸಾಗರದಲ್ಲಿ ಆಫೀಸು, ಹೊಸನಗರದಲ್ಲಿ ಒಂದು ಏಜೆಂಟರ ಅಂಗಡಿ, ತೀರ್ಥಹಳ್ಳಿಯಲ್ಲಿ ಸಿಬ್ಬಂದಿ ತಂಗುವ ಒಂದು ಕೋಣೆ, ಇಷ್ಟು ನಮ್ಮ ಸಾಮ್ರಾಜ್ಯ. ಆಗ ಜೋಗದ ಕಡೆ ಅಣೆಕಟ್ಟೆಯ ಕೆಲಸ ನಡೆಯುತ್ತಿತ್ತು. ಅಲ್ಲಿ ಲಾರಿ ಓಡಿಸಲು ನಮ್ಮ ಡ್ರೈವರುಗಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಜೊತೆಗೆ ಮೋಟಾರು ಕೆಲಸಗಾರರಿಗೆ ಹೊಸ ಕಾಯಿದೆಯೂ ಬಂದಿತ್ತು. "ಇದ್ದವ್ರನ್ನ ಹೆಂಗಾದ್ರೂ ಮಾಡಿ ಉಳಿಸಿ" ಎಂದು ಮಾಲೀಕರು, ಅಂದರೆ ಎಲ್ಲರ ಬಾಯಲ್ಲಿ ಸಾವ್ಕಾರ್ರು, ನನ್ನನ್ನು ನೇಮಿಸಿಕೊಂಡರು.

ಉಳಿಸುವುದಿರಲಿ, ಆ ಜನ ಕೈಗೆ ಸಿಗುವುದೇ ಕಷ್ಟ. ಸಾಗರದಲ್ಲಿ ಬೇಕಾದವನು ತೀರ್ಥಹಳ್ಳಿಯಲ್ಲಿರುತ್ತಿದ್ದ. ತೀರ್ಥಹಳ್ಳಿಗೆ ಹೋದರೆ ಅವನ ಬಸ್ಸು ಎದುರಿನಿಂದ ಹಾರ್ನ್ ಹೊಡೆದುಕೊಂಡು ದಾಟಿಹೋಗುತ್ತಿತ್ತು. ಮೊದಲೇ ನಾನು ಒಂದು ಕಡೆ ಕೂರುವ ಪ್ರಾಣಿಯಲ್ಲ. ಆ ಕೆಲಸ ನನ್ನನ್ನು ಕುರ್ಚಿಗೆ ಅಂಟಲು ಬಿಡಲೇ ಇಲ್ಲ.

ಬೋರ್ಡು

ನನ್ನ ಕೋಣೆಯ ಬಾಗಿಲಿಗೆ 'ಪರ್ಸನಲ್ ಆಫೀಸರ್' ಎಂದು ಬೋರ್ಡು ಬಂತು. ಸಿಬ್ಬಂದಿಯ ಅಧಿಕಾರಿ ಎಂದು ಅದರ ಅರ್ಥ. ಅದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಮೊದಲು ಬಂದವರು ಹೊಸನಗರದ ಏಜೆಂಟರು. ಒಳಗೆ ಬಂದವರೇ ಬಾಗಿಲು ಮುಚ್ಚಿದರು. ಸ್ವರ ತಗ್ಗಿಸಿ, "ನಂದೊಂದು ಪರ್ಸನಲ್ ವಿಷ್ಯ ಸ್ವಾಮಿ" ಎಂದರು.

"ಹೇಳಿ."

"ನನ್ನ ಹೆಂಡ್ತಿ ತಮ್ಮ ಮನೆಗೆ ಬಂದು ಕೂತಿದಾನೆ. ಎರಡು ದಿನಕ್ಕೆ ಅಂತ ಬಂದವ್ನು, ಹಬ್ಬದ ಮೇಲೆ ಹಬ್ಬ ಕಳೀತು, ಎದ್ದು ಹೋಗೋ ಮಾತೇ ಇಲ್ಲ. ನಾನು ಹೇಳಿದ್ರೆ ಇವಳು ಮುಖ ಊದಿಸ್ಕೊಳ್ತಾಳೆ. ನೀವೊಂದ್ಸಲ ಬಂದು ಆಫೀಸರ್ ಥರ ಹೇಳಿ."

"ಏಜೆಂಟ್ರೆ, ಇದು ಕಂಪನಿ ವಿಷಯ ಅಲ್ಲವಲ್ಲ."

ಅವರು ನನ್ನನ್ನೇ ಕರುಣೆಯಿಂದ ನೋಡಿದರು. "ಕಂಪನಿ ವಿಷ್ಯ ಆಗಿದ್ರೆ ಸಾವ್ಕಾರ್ರ ಹತ್ರ ಹೋಗ್ತಿದ್ದೆ. ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ದೌರ್ಬಲ್ಯ

ಕಂಡಕ್ಟರುಗಳನ್ನು ಆರಿಸುವ ದಿನ ಬಂತು. ಅಭ್ಯರ್ಥಿಯ ಶಕ್ತಿ ಮತ್ತು ದೌರ್ಬಲ್ಯ ಎರಡನ್ನೂ ಅವನ ಬಾಯಿಂದಲೇ ಹೊರಡಿಸಬೇಕು ಎಂದು ನನ್ನ ಪುಸ್ತಕ ಹೇಳಿತ್ತು. ಸಾವ್ಕಾರ್ರು ಪಕ್ಕದಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಿದ್ದರು.

ಮೊದಲನೆಯವನು ಗಟ್ಟಿಮುಟ್ಟಾದ ಆಳು. "ನಿನ್ನ ದೌರ್ಬಲ್ಯ ಏನು?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಯಿತು. ಸಾವ್ಕಾರ್ರ ಕಡೆ ಒಮ್ಮೆ ನೋಡಿ, "ಈಗ ಅಂಥದ್ದೇನಿಲ್ಲ ಸ್ವಾಮಿ. ಪಂಡಿತ್ರು ಲೇಹ್ಯ ಕೊಟ್ಟಿದ್ರು. ಮದ್ವೆ ಹೊತ್ತಿಗೆ ಎಲ್ಲ ಸರಿಯಾಯ್ತು" ಎಂದ.

ಸಾವ್ಕಾರ್ರು ಕವಳ ಉಗುಳಲು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ, "ನಿಮ್ಮ ಪರೀಕ್ಷೆ ಸಾಕು. ನಂದು ನೋಡಿ" ಎಂದು ಅವನನ್ನು ಜಗಲಿಗೆ ಕರೆದುಕೊಂಡು ಹೋದರು. "ಊರು ಕೂಗು."

ಅವನು ಎದೆ ತುಂಬ ಉಸಿರು ಎಳೆದು, "ಹೊಸನಗರಾ ತೀರ್ಥಳ್ಳೀ, ಹೊಸನಗರಾ ತೀರ್ಥಳ್ಳೀ, ಬರ್ರಿ ಬರ್ರಿ ಹೊರಟ್ತು" ಎಂದು ಕೂಗಿದ. ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರು ಅರ್ಧಕ್ಕೆ ಬಿಟ್ಟು ಎದ್ದರು. ನಾಲ್ಕಾರು ಜನ ಗಂಟು ಮೂಟೆ ಸಮೇತ ಓಡಿಬಂದು, ರಿಪೇರಿಗೆಂದು ಚಕ್ರ ಬಿಚ್ಚಿಟ್ಟಿದ್ದ ಬಸ್ಸು ಹತ್ತಿ ಕೂತರು.

"ಈ ಬಸ್ಸು ಹೋಗೋದಿಲ್ಲ, ಇಳೀರಿ" ಎಂದು ನಾನು ಕಿಟಕಿಯಿಂದ ಕಿಟಕಿಗೆ ಓಡಾಡಿದೆ. ಯಾರೂ ಅಲ್ಲಾಡಲಿಲ್ಲ. ಮುದುಕರೊಬ್ಬರು ಮಾತ್ರ ಉತ್ತರ ಕೊಟ್ಟರು: "ನೀವು ಹೇಳ್ಬೇಡಿ. ಆ ಕಂಡಕ್ಟ್ರು ಹೇಳ್ಲಿ, ಇಳೀತೀನಿ."

ವಾರದ ರಜೆ

ಹೊಸ ಕಾಯಿದೆಯ ಪ್ರಕಾರ ವಾರಕ್ಕೊಂದು ದಿನ ವಿಶ್ರಾಂತಿ ಕೊಡಲೇಬೇಕು. ಹೊಸನಗರದಲ್ಲಿ ಮನೆ ಮಾಡಿದ್ದ ಒಬ್ಬ ಹಳೆಯ ಡ್ರೈವರಿಗೆ ಗುರುವಾರ ರಜೆ ಕೊಟ್ಟೆ. ಅಣೆಕಟ್ಟೆಯ ಕಡೆಗೆ ಹೋಗುತ್ತಾನೆಂಬ ಸುದ್ದಿ ಇದ್ದುದರಿಂದ ಅವನನ್ನು ಖುಷಿಯಾಗಿಡಬೇಕಿತ್ತು.

ಶುಕ್ರವಾರ ಬದಲಿ ಡ್ರೈವರು ಬಂದು ಬೀಗದ ಕೈ ಮೇಜಿನ ಮೇಲಿಟ್ಟ. "ನಂಗೆ ಈ ಕೆಲ್ಸ ಬೇಡ. ನಿನ್ನೆ ಇಡೀ ದಿನ ಅವ್ರು ನನ್ನ ಬೆನ್ನ ಹಿಂದಿನ ಸೀಟಲ್ಲೇ ಕೂತಿದ್ರು. ಗೇರ್ ಹಾಕಿದ್ರೆ ಉಸಿರು ಬಿಡ್ತಾರೆ, ಬ್ರೇಕ್ ಹಾಕಿದ್ರೆ ರಾಮ ರಾಮ ಅಂತಾರೆ."

ಹಳೆಯವನನ್ನು ಕರೆಸಿದೆ. "ರಜೆ ಕೊಟ್ಟದ್ದು ವಿಶ್ರಾಂತಿಗಲ್ವಾ?"

"ಅದ್ಕೇ ಸ್ವಾಮಿ, ಆರಾಮಾಗಿ ಹಿಂದೆ ಕೂತಿದ್ದೆ. ಮುಂದೆ ಕೂರ್ಲೇ ಇಲ್ಲ."

"ಇನ್ನು ಮೇಲೆ ಗುರುವಾರ ಬಸ್ಸು ಹತ್ತಬಾರದು. ಮನೆಯಲ್ಲಿರಬೇಕು."

ಅವನು ಮಾತು ಉಳಿಸಿಕೊಂಡ. ಮುಂದಿನ ಗುರುವಾರ ಕಳೆದು ಎರಡು ದಿನಕ್ಕೆ ಅವನ ಹೆಂಡತಿ ಸಾಗರದ ಬಸ್ಸು ಹತ್ತಿ ನನ್ನನ್ನು ಹುಡುಕಿಕೊಂಡು ಬಂದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ರಜಾ ಕೊಟ್ಟೋರು ನೀವೇನಾ? ಬೆಳಿಗ್ಗೆಯಿಂದ ಸಂಜೆ ತಂಕ ಒಳಗೆ ಹೊರಗೆ, ಒಳಗೆ ಹೊರಗೆ. ಒಲೆ ಇಲ್ಲಿ ಯಾಕಿದೆ, ಕೊಡಪಾನ ಅಲ್ಲಿ ಯಾಕಿದೆ. ನಾನು ತಿರುಗಿದ್ರೆ ಹಿಂದೆ ನೋಡಿ ತಿರುಗು ಅಂತಾರೆ."

"ಕಾಯಿದೆ ಅಮ್ಮ, ನನ್ನ ಕೈಲಿಲ್ಲ" ಎಂದೆ.

"ಸರಿ ಹಂಗಾರೆ. ಅವ್ರಿಗೆ ರಜಾ ಇದ್ದ ದಿನ ನಂಗೆ ಡಬಲ್ ಡ್ಯೂಟಿ. ನಿಮ್ಮ ಕಾಯ್ದೇಲಿ ನಂಗೆ ಯಾವ ವಾರ ಬರ್ದಿದಾರೆ, ಅದನ್ನ ಹೇಳಿ."

ಹೊಗಳಿಕೆ

ಬೈಯುವುದಿದ್ದರೆ ಏಕಾಂತದಲ್ಲಿ ಬೈಯಿರಿ, ಹೊಗಳುವುದಿದ್ದರೆ ನಾಲ್ಕು ಜನರೆದುರು ಹೊಗಳಿರಿ. ಇದು ನನಗೆ ಬಹಳ ಹಿಡಿಸಿದ ಪಾಠ.

ತೀರ್ಥಹಳ್ಳಿಯ ಲೈನಿನಲ್ಲಿ ಒಬ್ಬ ಕಂಡಕ್ಟರಿದ್ದ. ಎಷ್ಟು ಜಗಳಗಂಟ ಪ್ರಯಾಣಿಕನಿದ್ದರೂ ನಗುತ್ತಲೇ ಸಂಭಾಳಿಸುತ್ತಿದ್ದ. ಒಂದು ದಿನ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಸಿಬ್ಬಂದಿಯ ಎದುರು ಅವನ ಬೆನ್ನು ತಟ್ಟಿ, "ಇಂಥ ಕೆಲಸಗಾರ ಕಂಪನಿಗೆ ಸಿಕ್ಕಿದ್ದು ನಮ್ಮ ಪುಣ್ಯ" ಎಂದೆ. ಯಾರೂ ನಗಲಿಲ್ಲ. ಅವನ ಮುಖವಂತೂ ಬಿಳಿಚಿತು. ನಾಚಿಕೆ ಎಂದುಕೊಂಡು ಎದುರಿಗೆ ನಿಂತಿದ್ದ ಬಸ್ಸು ಹತ್ತಿ ಹೊರಟೆ.

ನಾಲ್ಕು ದಿನ ಬಿಟ್ಟು ಹೋದಾಗ ನೋಡಿದರೆ ಅವನಿಗೆ ಹಾರ ಹಾಕಿ ಕಾಫಿ ಕೊಡುತ್ತಿದ್ದಾರೆ. ಹೋಟೆಲಿನವನು ಕಣ್ಣು ಒರೆಸಿಕೊಳ್ಳುತ್ತಿದ್ದಾನೆ.

"ಇದೇನು?" ಎಂದು ಅಲ್ಲಿದ್ದ ಒಬ್ಬ ಹಿರಿಯ ಡ್ರೈವರನ್ನು ಕೇಳಿದೆ.

"ಬೀಳ್ಕೊಡುಗೆ ಸ್ವಾಮಿ. ಈ ಕಂಪನೀಲಿ ಯಾರನ್ನಾದ್ರೂ ಹೊಗಳೋದು ಕೆಲ್ಸ ಬಿಡಿಸೋ ದಿನ ಮಾತ್ರ. ಸಾವ್ಕಾರ್ರು ಹಂಗೇ ಮಾಡ್ಕೊಂಡು ಬಂದಿದಾರೆ."

ಕಂಡಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡ. "ಮನೇಲಿ ಊಟ ಬಿಟ್ಟಿದಾರೆ ಸ್ವಾಮಿ. ಅತ್ತೆ ಊರಿಂದ ಬಂದು ಹೆಂಡ್ತೀನ ಕರ್ಕೊಂಡು ಹೋಗ್ತೀನಿ ಅಂತ ಕೂತಿದಾರೆ. ಕೆಲ್ಸ ಉಂಟು ಅಂತ ನಾನು ಹೇಳಿದ್ರೆ ನಂಬೋದಿಲ್ಲ. ದಯವಿಟ್ಟು ಒಂದ್ಸಲ ಎಲ್ಲರ ಎದುರಿಗೆ ಬೈದು ಬಿಡಿ."

ಬೇರೆ ದಾರಿ ಇರಲಿಲ್ಲ. ಸ್ಟ್ಯಾಂಡಿನ ನಡುವೆ ನಿಂತು, "ಕೋಟಿನ ಗುಂಡಿ ಹಾಕೋಕೆ ಬರೋದಿಲ್ವಾ ನಿಂಗೆ? ಕತ್ತೆ ಕಾಯೋಕೂ ಲಾಯಕ್ಕಿಲ್ಲ" ಎಂದು ಕೂಗಿದೆ. ಅವನ ಮುಖ ಅರಳಿತು. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಹೆಂಗಸು ಮುಂದೆ ಬಂದು ಕೈ ಮುಗಿದಳು. ಅವನ ಅತ್ತೆ.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದಳು. "ಇನ್ನೂ ಸ್ವಲ್ಪ ಬೈದಿದ್ರೆ ನಮ್ಮ ಯಜಮಾನ್ರಿಗೂ ಧೈರ್ಯ ಬರ್ತಿತ್ತು."

ಸಾವ್ಕಾರ್ರು ಕಂಡಕ್ಟರಾದದ್ದು

ತೀರ್ಥಹಳ್ಳಿಯ ಕೋಣೆಯಲ್ಲಿ ತಿಗಣೆ ಅಂದರೆ ಅಂತಿಂಥ ತಿಗಣೆಯಲ್ಲ. ಕೋಣೆ ಬದಲಾಯಿಸದಿದ್ದರೆ ಸೋಮವಾರದಿಂದ ಬಸ್ಸು ತೆಗೆಯುವುದಿಲ್ಲ ಎಂದು ಆ ಹಿರಿಯ ಡ್ರೈವರ ಮುಂದಾಳತ್ವದಲ್ಲಿ ಎಲ್ಲರೂ ಹೇಳಿಕಳಿಸಿದರು. "ತಿಗಣೆ ಇಲ್ಲದ ಊರು ಯಾವ್ದಿದೆ? ನಿಲ್ಸೋದಾದ್ರೆ ನಿಲ್ಸಲಿ" ಎಂದರು ಸಾವ್ಕಾರ್ರು. ಬಸ್ಸು ನಿಂತರೆ ಉಳಿದವರೂ ಅಣೆಕಟ್ಟೆಗೆ ನಡೆಯುತ್ತಾರೆ. ನನ್ನ ಕೆಲಸವೂ ಅಲ್ಲಿಗೆ ಮುಗಿಯುತ್ತದೆ. ಜಗಲಿಯ ಮೇಲೆ ಅತ್ತಿಂದಿತ್ತ ತಿರುಗಿ ತಿರುಗಿ ಕೊನೆಗೆ ಹೇಳಿದೆ: "ಕೆಲಸಗಾರನ ಜಾಗದಲ್ಲಿ ನಿಂತು ನೋಡಬೇಕು ಅಂತ ನಮ್ಮ ಪಾಠದಲ್ಲಿದೆ. ಒಂದು ದಿನ ನೀವೇ ಕಂಡಕ್ಟರಾಗಿ ಹೋಗಿ ಬನ್ನಿ."

ಒಪ್ಪುತ್ತಾರೆಂದು ನಾನು ತಿಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಚರ್ಮದ ಚೀಲವನ್ನು ಎದೆಗಡ್ಡ ಹಾಕಿಕೊಂಡು ಬಸ್ಸು ಹತ್ತಿದರು. ನಾನು ಡ್ರೈವರ ಪಕ್ಕ ಕೂತೆ.

ಸಾಗರದಲ್ಲೇ ಅವರ ದೂರದ ದೊಡ್ಡಪ್ಪ ಒಬ್ಬರು ಹತ್ತಿದರು. ಸಾವ್ಕಾರ್ರು ಟಿಕೇಟು ಎಂದಾಗ ಅವರು ಕನ್ನಡಕ ಏರಿಸಿ ನೋಡಿ, "ಎಂತ ತಮಾ, ನಿನ್ ಬಸ್ಸಲ್ಲಿ ಆನು ಟಿಕೇಟ್ ತಗಳವಾ?" ಎಂದು, ತಾವೂ ಟಿಕೇಟು ಕೊಳ್ಳಬೇಕೇ ಎಂಬಂತೆ ಹುಬ್ಬೇರಿಸಿದರು. ಸಾವ್ಕಾರ್ರು ಮುಂದೆ ಸರಿದರು. ಇದನ್ನು ಉಳಿದವರೂ ಕೇಳಿಸಿಕೊಂಡರು. ಹೊಸನಗರ ಬರುವಷ್ಟರಲ್ಲಿ ಬಸ್ಸಿನ ಅರ್ಧ ಜನ ಸಾವ್ಕಾರ್ರ ನೆಂಟರಾಗಿದ್ದರು.

ಹೊಸನಗರ ದಾಟಿ ಕಾಡು ಹೊಕ್ಕ ಮೇಲೆ ಒಬ್ಬ ಅಜ್ಜಿ ರಸ್ತೆಯಲ್ಲಿ ಹಲಸಿನಹಣ್ಣಿನ ಮೂಟೆ ಇಟ್ಟುಕೊಂಡು ಕೈ ಅಡ್ಡ ಹಿಡಿದಳು. ಸಾವ್ಕಾರ್ರು ಬಸ್ಸು ನಿಲ್ಲಿಸಿದರು. ತಾವೇ ಇಳಿದು ಹಿಂದಿನ ಏಣಿ ಹತ್ತಿ ಮೂಟೆಯನ್ನು ಮೇಲಕ್ಕೆ ಹಾಕಿದರು. ಅಜ್ಜಿ ಒಳಗೆ ಬಂದು ಕೂತು, ಸೆರಗು ಸರಿಮಾಡಿಕೊಂಡು, "ರೈಟ್" ಎಂದಳು. ಡ್ರೈವರು ಹೊರಟ.

ಬಹಳ ದೂರ ಹೋದ ಮೇಲೆ ಯಾರೋ ಚಿಲ್ಲರೆ ಕೇಳಿದಾಗಲೇ ಕಂಡಕ್ಟರಿಲ್ಲ ಎಂದು ತಿಳಿದದ್ದು.

"ನೀವ್ಯಾಕೆ ರೈಟ್ ಅಂದ್ರಿ ಅಜ್ಜಿ?"

"ಆ ಮನ್ಷ ಏಣಿ ಇಳ್ದು ಬೆವರು ಒರೆಸ್ತಾ ನಿಂತ. ಬಾಯೇ ಬಿಡ್ಲಿಲ್ಲ. ಹೊಸಬ ಅಂತ ನಾನೇ ಹೇಳ್ದೆ."

ಆ ರಸ್ತೆಯಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ. "ಹಿಂದೆ ನಮ್ಮದೇ ಇನ್ನೊಂದು ಬಸ್ಸಿದೆ, ಅದ್ರಲ್ಲಿ ಬರ್ತಾರೆ ಬಿಡಿ" ಎಂದ ಡ್ರೈವರು. ತೀರ್ಥಹಳ್ಳಿಯಲ್ಲಿ ಸಿಬ್ಬಂದಿಯೆಲ್ಲ ಮಾತುಕತೆಗೆ ಕಾದು ನಿಂತಿದ್ದರು. ನಾನು ರಸ್ತೆಗೂ ಕೋಣೆಗೂ ಶತಪಥ ಹಾಕುತ್ತಿದ್ದೆ. ಹಿಂದಿನ ಬಸ್ಸು ಬಂತು. ಸಾವ್ಕಾರ್ರು ಅದರಲ್ಲಿರಲಿಲ್ಲ. ಅದರ ಡ್ರೈವರು ಯಾರ ಮುಖವನ್ನೂ ನೋಡದೆ ರೇಡಿಯೇಟರಿಗೆ ನೀರು ಹಾಕತೊಡಗಿದ.

ಕೊನೆಗೆ ಬಿದಿರು ತುಂಬಿದ ಒಂದು ಲಾರಿ ಬಂತು. ಬಿದಿರಿನ ಮೇಲೆ, ಚೀಲ ತಬ್ಬಿಕೊಂಡು, ಸಾವ್ಕಾರ್ರು. ಇಳಿದವರು ನೇರ ಆ ಕೋಣೆಗೆ ಹೋಗಿ ಚಾಪೆಯ ಮೇಲೆ ಮಲಗಿಬಿಟ್ಟರು. ನಾವೆಲ್ಲ ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆರೆದುಕೊಳ್ಳುವ ಸದ್ದು ಶುರುವಾಯಿತು. ಸಾವ್ಕಾರ್ರು ಅಂಗಿ ಕೊಡವುತ್ತಾ ಹೊರಗೆ ಬಂದು, "ಬೇರೆ ಕೋಣೆ ನೋಡಿ. ಇವತ್ತೇ ನೋಡಿ" ಎಂದರು. ಹಿರಿಯ ಡ್ರೈವರು, "ನಾಳೆ ಬಸ್ಸು ಹೊರಡ್ತವೆ ಸಾವ್ಕಾರ್ರೆ" ಎಂದ.

ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಸಾವ್ಕಾರ್ರು ಹಿಂದಿನ ಬಸ್ಸಿನ ಡ್ರೈವರ ಕಡೆ ತಿರುಗಿದರು.

"ನಾನು ಕೈ ಅಡ್ಡ ಹಿಡ್ದಿದ್ದೆ. ಕಂಡ್ಯೋ ಇಲ್ವೋ?"

"ಕಂಡೆ ಸಾವ್ಕಾರ್ರೆ. ಕೈಯೂ ಮುಗ್ದೆ. ನೀವು ಗಮನಿಸ್ಲಿಲ್ಲ."

"ಮತ್ತೆ ನಿಲ್ಸಲಿಲ್ಲ ಯಾಕೆ?"

"ಅದು ಸ್ಟಾಪಲ್ಲ. ಸ್ಟಾಪಿಲ್ಲದಲ್ಲಿ ಯಾರು ಕೈ ತೋರ್ಸಿದ್ರೂ ನಿಲ್ಸಬಾರ್ದು, ದೇವ್ರೇ ಬಂದು ನಿಂತ್ರೂ ನಿಲ್ಸಬಾರ್ದು ಅಂತ ನೀವೇ ಹೇಳಿದ್ರಿ. ನೀವು ಅಂತ ಗೊತ್ತಾಗಿಯೇ ಹೆದರಿ ಜೋರಾಗಿ ಹೊಡ್ಕೊಂಡು ಬಂದೆ."

ಸಾವ್ಕಾರ್ರು ಅಂಗಿಯಿಂದ ಒಂದು ತಿಗಣೆ ಹೆಕ್ಕಿ ಎಸೆದು ನನ್ನ ಕಡೆ ತಿರುಗಿದರು. "ಅಲ್ಲೊಂದು ಸ್ಟಾಪು ಮಾಡಿ" ಎಂದರು.

ಮಾಡಿದೆವು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಆ ಜಾಗಕ್ಕೆ ಹೆಸರೂ ಇಲ್ಲ. ಹೆಸರಿಡುವ ಕೆಲಸ ನಮಗೆ ಬೀಳಲೇ ಇಲ್ಲ. ಮುಂದಿನ ವಾರ ಸಾವ್ಕಾರ್ರ ಜೊತೆಗೇ ಆ ದಾರಿಯ ಬಸ್ಸಿನಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಒಬ್ಬ ರೈತ ಕಂಡಕ್ಟರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು:

"ಸಾವ್ಕಾರ್ರನ್ನ ಬಿಟ್ಟಲ್ಲಿಗೆ ಒಂದು ಟಿಕೇಟು ಕೊಡಪ್ಪ."