ಚಾಳಿನ ಡಾಕ್ಟರ್

ನಮಗಿಲ್ಲದ ಪದವಿಯನ್ನು ನಾಲ್ಕು ಜನ ಪ್ರೀತಿಯಿಂದ ಕೊಟ್ಟರೆ ಬೇಡವೆನ್ನುವುದು ಬಹಳ ಕಷ್ಟ. ದಾದರಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ರಕ್ತ ತೆಗೆದು ಪರೀಕ್ಷೆ ಮಾಡುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಗಾಜಿನ ನಳಿಕೆ ತೊಳೆಯುವುದು. ಆದರೆ ಜೋಗೇಶ್ವರಿಯಲ್ಲಿ, ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನಲ್ಲಿ, ನಾನು ಡಾಕ್ಟರ್. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮವರಿಗೆ ಹಿತ್ತಲ ಗಿಡವೇ ಮದ್ದು. ನೆಗಡಿ, ಕೂಸಿನ ಹೊಟ್ಟೆನೋವು ಎಲ್ಲ ಬೆಳಿಗ್ಗೆ ನೀರಿನ ನಳದ ಹತ್ತಿರವೇ ನನ್ನ ಮುಂದೆ ಬರುತ್ತಿದ್ದವು. ಮೊದಲ ಸಲ ‘ನಾನು ಡಾಕ್ಟರಲ್ಲ’ ಎಂದೆ. ಮುಂದಿನ ಸಲ ಸುಮ್ಮನೆ ನಕ್ಕೆ. ಆಮೇಲೆ, ಸತ್ಯ ಹೇಳುತ್ತೇನೆ, ‘ಎಲ್ಲಿ, ನಾಲಗೆ ತೋರಿಸಿ’ ಎನ್ನತೊಡಗಿದೆ.

ಈ ಪದವಿ ಕೊಟ್ಟವರು ಪಕ್ಕದ ಖೋಲಿಯ ಬಸಪ್ಪ ಕಾಕಾ. ವಿಜಾಪುರದವರು, ಅರಿವೆ ಅಂಗಡಿಯಲ್ಲಿ ಗುಮಾಸ್ತರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ನಮ್ಮ ಆಸ್ಪತ್ರೆಗೇ ಬಂದರು. ನಿಜವಾದ ಡಾಕ್ಟರು ಪರೀಕ್ಷಿಸಿ, ರಕ್ತವನ್ನು ಇವತ್ತೊಮ್ಮೆ, ನಾಡಿದ್ದು ಇನ್ನೊಮ್ಮೆ ನೋಡಬೇಕು, ಅಲ್ಲಿಯವರೆಗೆ ಮಂಚದಿಂದ ಇಳಿಯಕೂಡದು ಎಂದರು. ಆಗಿನ ಪರೀಕ್ಷೆ ಸರಳ. ರಕ್ತವನ್ನು ಸಣ್ಣ ನಳಿಕೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗಿಳಿಯಿತೆಂದು ಅಳೆಯುವುದು. ಹೃದಯಕ್ಕೆ ಪೆಟ್ಟಾಗಿದ್ದರೆ ಬೇಗ ಇಳಿಯುತ್ತದೆ. ಆದರೆ ಆ ಸುದ್ದಿ ರಕ್ತಕ್ಕೆ ಮುಟ್ಟಲು ಒಂದೆರಡು ದಿನ ಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಗಂಟೆಯಾದ ಮೇಲೆ ಕಾಕಾ ಡಾಕ್ಟರನ್ನು ಬಿಟ್ಟು ನನ್ನನ್ನು ಕೇಳಿದರು: “ಏನಪಾ ಡಾಕ್ಟರ, ರಕ್ತ ಏನಂತೈತಿ?”

ವಾರ್ಡಿನವರೆಲ್ಲ ನನ್ನತ್ತ ತಿರುಗಿದರು. “ಭಾಳ ಛಲೋ ಐತ್ರಿ ಕಾಕಾ,” ಎಂದೆ. ‘ಇವತ್ತಿಗೆ’ ಎಂಬ ಒಂದು ಮಾತು ಸೇರಿಸಬೇಕಿತ್ತು. ಸೇರಿಸಿದ್ದರೆ ನನ್ನ ಡಾಕ್ಟರಿಕೆಯ ತೂಕ ಕಡಿಮೆಯಾಗುತ್ತಿತ್ತು.

“ಮತ್ಯಾಕ ಇಲ್ಲಿ ಮಲಗಲಿ? ಈ ಅನ್ನ ನನಗ ಒಗ್ಗೂದಿಲ್ಲ,” ಎಂದು ಕಾಕಾ ಯಾರ ಮಾತೂ ಕೇಳದೆ ಸಂಜೆಯ ಲೋಕಲ್ ರೈಲು ಹಿಡಿದು ಮನೆಗೆ ಬಂದರು. ‘ನಮ್ಮ ಡಾಕ್ಟರ ಹೇಳ್ಯಾನ’ ಎಂದು ಇಡೀ ಚಾಳಿಗೆ ಸಾರಿದರು. ಅಷ್ಟು ಹೊಗಳಿಸಿಕೊಂಡ ಮೇಲೆ ಆಡಿದ ಮಾತನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀರಿನ ಬಕೆಟ್ ಹೊತ್ತು ಮೆಟ್ಟಿಲು ಹತ್ತುವಾಗ ಅವರು ಕುಸಿದರು. ನಾಡಿ ನೋಡಲು ಚಾಳಿನವರು ನನ್ನನ್ನೇ ಕರೆದರು. ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಹದಿನೈದು ದಿನ ಕಾಕಾನ ಹೆಂಡತಿ ಕಾಕುವಿಗೆ ಮುಖ ತೋರಿಸಲಾರದೆ ಹಿಂದಿನ ಮೆಟ್ಟಿಲಿನಿಂದ ಓಡಾಡಿದೆ. ಕಡೆಗೆ ಒಂದು ದಿನ ಹೋಗಿ ಕೂತು ಎಲ್ಲ ಹೇಳಿ ಅತ್ತೆ. ನಾನು ಡಾಕ್ಟರಲ್ಲ ಎಂಬುದನ್ನೂ ಹೇಳಿದೆ.

“ಅದು ಎಲ್ಲಾರಿಗೂ ಗೊತ್ತೈತಿ ತಮ್ಮಾ,” ಎಂದರು ಕಾಕು. “ಹಂಗ ಕರದ್ರ ನಿನ್ನ ಮಾರಿ ಅರಳತೈತಿ ಅಂತ ಅವರು ಕರೀತಿದ್ರು. ಆದ್ರ ರಕ್ತದ ವಿಷಯದಾಗ ನೀ ಸುಳ್ಳು ಹೇಳಂಗಿಲ್ಲ ಅಂತಿದ್ರು.”

ಅಷ್ಟು ದೊಡ್ಡ ಚಾಳಿನಲ್ಲಿ ನನ್ನನ್ನು ಡಾಕ್ಟರೆಂದು ನಂಬಿದ್ದವನು ನಾನೊಬ್ಬನೇ ಎಂದು ನನಗೆ ಗೊತ್ತಾದದ್ದು ಅವತ್ತು.