ಚೀನಾದವನಿಗೆ ವರಸೆ ಹುಡುಕಿದ ಮಾವ

ನಮ್ಮ ಮಾವನ ಪಕ್ಕ ಬಸ್ಸಿನಲ್ಲಿ ಕೂರಬೇಡಿ. ಕೂತರೆ ಅವರ ನೆಂಟರಾಗದೆ ಇಳಿಯುವಂತಿಲ್ಲ! ಚಿಂತಾಮಣಿಯಲ್ಲಿ ಹತ್ತಿದ ಅಪರಿಚಿತ, ಶಿಡ್ಲಘಟ್ಟ ಬರುವಷ್ಟರಲ್ಲಿ ವರಸೆಯಲ್ಲಿ ಭಾವನೋ ಅಳಿಯನೋ ದೊಡ್ಡಪ್ಪನೋ ಆಗಿರುತ್ತಾನೆ. ಯಾವೂರು, ಯಾರ ಮಗ, ತಾಯಿಯ ತವರು ಯಾವುದು, ಇಷ್ಟು ಗೊತ್ತಾದರೆ ಸಾಕು, ಯಾರನ್ನಾದರೂ ನಂಟಿಗೆ ಎಳೆದು ತರುತ್ತಾರೆ. ಒಮ್ಮೆ ಬಸ್‌ ಸ್ಟ್ಯಾಂಡಿನಲ್ಲಿ ತಮ್ಮ ಜೇಬಿಗೆ ಕೈಹಾಕಿದವನನ್ನು ಹಿಡಿದರು. ವಿಚಾರಿಸಿದರೆ ನಗರಗೆರೆ ಕಡೆಯವನು, ವರಸೆಯಲ್ಲಿ ಅಳಿಯನಾಗಬೇಕು! ಪೊಲೀಸರ ಬದಲು ಹೋಟೆಲಿಗೆ ಕರೆದೊಯ್ದು, ಇಷ್ಟು ದಿನ ಮನೆಗೆ ಯಾಕೆ ಬರಲಿಲ್ಲವೆಂದು ಬೈದು, ಕಾಫಿ ಕುಡಿಸಿ ಕಳಿಸಿದರು. ನನಗೆ ಅವರು ಹೇಗೆ ಮಾವನಾದರು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಇಂಥವರ ಮಹಡಿ ಕೋಣೆಗೆ ಬಾಡಿಗೆಗೆ ಬಂದವನು ಚೀನಾದ ಹುಡುಗ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹೊಸ ಯಂತ್ರ ಜೋಡಿಸಲು ಬಂದಿದ್ದ ಎಂಜಿನಿಯರ್. ಬೆಳಿಗ್ಗೆ ಹೋದರೆ ಸಂಜೆ ಬಂದು, ಬಾಗಿಲು ಹಾಕಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಮಾವ ಕೇಳಿದ್ದನ್ನೆಲ್ಲ ಅವನ ಫೋನು ಚೀನೀ ಭಾಷೆಗೆ ತಿರುಗಿಸಿ ಹೇಳುತ್ತಿತ್ತು. ತಾಯಿಯ ತವರು ಯಾವುದೆಂದು ಕೇಳಿದಾಗ ಅದು ಏನು ಹೇಳಿತೋ, ಹುಡುಗ ಗಾಬರಿಬಿದ್ದು ಪಾಸ್‌ಪೋರ್ಟ್ ತಂದು ತೋರಿಸಿದ. ಮಾವನಿಗೆ ಊಟ ಸೇರದಾಯಿತು. ತಮ್ಮ ಸೂರಿನಡಿಯೇ ಇದ್ದೂ ತಮಗೆ ಏನೂ ಆಗದೆ ಉಳಿದ ಮನುಷ್ಯ ಅವನೊಬ್ಬನೇ! ಅವನ ಪಾಡಿಗೆ ಅವನನ್ನು ಬಿಡಿ ಎಂದು ಅತ್ತೆ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ, ಅರವತ್ತು ದಾಟಿದ ಮಾವ ಫೋನಿನಲ್ಲೇ ಚೀನೀ ಪಾಠ ಶುರುಮಾಡಿದರು.

ಮೊದಲ ಪಾಠ, ತನ್ನ ಪರಿಚಯ ತಾನೇ ಹೇಳಿಕೊಳ್ಳುವುದು. ‘ನೀ ಹಾವ್’ ಎಂದು ನಮಸ್ಕಾರ ಹೇಳಿ, ‘ವೋ ಜಿಯಾವ್’ ಎಂದು ಹೆಸರು ಸೇರಿಸಿ, ಭಾರತದವನು, ಭೇಟಿಯಾಗಿ ಸಂತೋಷವಾಯಿತು ಎಂದರೆ ಪಾಠ ಮುಗಿಯಿತು. ಮಾವ ಕೆರಳಿದರು.

“ಇಷ್ಟಕ್ಕೇ ಪರಿಚಯ ಮುಗ್ದೋಯ್ತಾ? ಯಾರ ಮಗ ಅಂತ ಹೇಳೋದೇ ಬೇಡ್ವಾ ಇವ್ರಿಗೆ?”

ಆದರೂ ಅಭ್ಯಾಸ ಬಿಡಲಿಲ್ಲ. ಹಾಲಿನವಳಿಗೆ, ಅವಳ ಎಮ್ಮೆಗೆ, ಕನ್ನಡಿಗೆ, ಎಲ್ಲರಿಗೂ ಚೀನೀಯಲ್ಲೇ ಪರಿಚಯ ಹೇಳಿಕೊಂಡರು. ಚಿಕ್ಕಬಳ್ಳಾಪುರದ ಮದುವೆಮನೆಯೊಂದರಲ್ಲಿ ಗಂಡಿನ ಕಡೆಯವರ ಮುಂದೆಯೂ ಬಾಯಿತಪ್ಪಿ ಅದೇ ಬಂತು. ಅವರು ಇದು ಆಂಧ್ರದ ಯಾವುದೋ ಮೂಲೆಯ ತೆಲುಗಿರಬೇಕೆಂದುಕೊಂಡು, ‘ಬಾಗುನ್ನಾಮಂಡಿ’, ಚೆನ್ನಾಗಿದ್ದೇವೆ, ಎಂದು ತೆಲುಗಿನಲ್ಲೇ ಕೈಮುಗಿದರಂತೆ.

ಒಂದು ದಿನ ನನಗೆ ಫೋನು ಬಂತು. ಮಾವನ ದನಿಯಲ್ಲಿ ಲಾಟರಿ ಹೊಡೆದ ಸಂಭ್ರಮ. ಪಾಠದಲ್ಲಿ ನೆಂಟಸ್ತಿಕೆಯ ಪದಗಳು ಬಂದಿದ್ದವು!

“ಅಪ್ಪನ ಅಣ್ಣಂಗೆ ಬೇರೆ, ತಮ್ಮಂಗೆ ಬೇರೆ, ಸೋದರಮಾವಂಗೆ ಬೇರೆ ಹೆಸರು ಕಣಮ್ಮ. ಎಲ್ರನ್ನೂ ಅಂಕಲ್ ಅನ್ನಲ್ಲ. ಇವ್ರು ನಮ್ಮೋರೇ!”

ಆ ಭಾನುವಾರ ನಾನೂ ಹೋಗಿದ್ದೆ. ಇಸ್ತ್ರಿ ಅಂಗಿ ತೊಟ್ಟ ಮಾವ ಮುಂದೆ, ಮುದ್ದೆ ಮತ್ತು ಅವರೆಕಾಳು ಸಾರು ಹಿಡಿದ ನಾನು ಹಿಂದೆ, ಮಹಡಿ ಹತ್ತಿದೆವು. ಹುಡುಗ ಬಾಗಿಲು ತೆರೆದು ತಟ್ಟೆ ತೆಗೆದುಕೊಂಡ. ಮಾವ ತಮ್ಮ ಹೆಸರು ಹೇಳಲಿಲ್ಲ, ದೇಶವನ್ನೂ ಹೇಳಲಿಲ್ಲ. ಎದೆ ಮುಟ್ಟಿಕೊಂಡು, ‘ನಾನು ನಿನ್ನ ಜಿಯೂಜಿಯೂ’ ಎಂದು ಚೀನೀಯಲ್ಲಿ ಹೇಳಿದರು. ಹಾಗೆಂದರೆ ಸೋದರಮಾವ.

ಹುಡುಗ ನಗಲಿಲ್ಲ. ತಟ್ಟೆ ಕೆಳಗಿಟ್ಟು ಫೋನಿಗೆ ಮೆಲ್ಲಗೆ ಏನೋ ಹೇಳಿದ. ಅದು ಕನ್ನಡದಲ್ಲಿ ಒಪ್ಪಿಸಿತು: ಅವನ ತಾಯಿ ಒಬ್ಬಳೇ ಮಗಳು, ಅವಳಿಗೆ ಅಣ್ಣತಮ್ಮಂದಿರಿಲ್ಲ, ಈವರೆಗೆ ಅವನು ಯಾರನ್ನೂ ಹಾಗೆ ಕರೆದಿಲ್ಲ.

“ಸರಿಹೋಯ್ತು,” ಎಂದರು ಮಾವ. “ಹಂಗಾದ್ರೆ ಜಾಗ ಖಾಲಿ ಇದೆ.”

ಮರುದಿನದಿಂದ ಹುಡುಗ ಕೆಳಗೇ ಬಂದು ಉಣ್ಣತೊಡಗಿದ. ಅವನು ಬಾಯ್ತುಂಬ ‘ಜಿಯೂಜಿಯೂ’ ಎನ್ನುವುದನ್ನು ಕೇಳಿದರೆ ನನಗೆ ಕಣ್ಣು ತುಂಬುತ್ತದೆ. ಏಕೆಂದರೆ ಅದೇ ಕೋಣೆಯಲ್ಲಿ ಹಿಂದೆ ಬಾಡಿಗೆಗಿದ್ದವರು ನಾವು. ಅಪ್ಪ ತೀರಿಕೊಂಡ ಮೇಲೆ, ಶಾಲೆಯಲ್ಲಿ ಮೇಡಂ ಆಗಿದ್ದ ಅಮ್ಮ ಬೀದರ್ ಕಡೆಯಿಂದ ವರ್ಗವಾಗಿ, ನನ್ನನ್ನು ಎತ್ತಿಕೊಂಡು ಬಂದಿದ್ದಳು. ಮಾವ ಹೇಗೆ ಹುಡುಕಿದರೂ ನಮ್ಮೊಂದಿಗೆ ವರಸೆ ಕೂಡಲಿಲ್ಲ. ಕೂಡದಿದ್ದರೆ ಬಿಡಲಿ ಎಂದು ಅಮ್ಮನನ್ನು ತಂಗಿ ಎಂದೇ ಕರೆಯತೊಡಗಿದರು.

ನನ್ನ ಮದುವೆಯ ದಿನ, ಹೆಣ್ಣನ್ನು ಮಂಟಪಕ್ಕೆ ಕರೆತರಬೇಕು, ಸೋದರಮಾವ ಯಾರು ಎಂದು ಪುರೋಹಿತರು ಕೂಗಿದರು. ಒಡಹುಟ್ಟಿದವರಿಲ್ಲದ ಅಮ್ಮ ಬೀಗರೆದುರು ತಲೆ ತಗ್ಗಿಸಿದಳು. ನಾಲ್ಕು ಮಾತಿನ ಪರಿಚಯ ಸಾಲದೆಂದು ಚೀನೀ ಪಾಠದ ಮೇಲೆ ಕೆರಳಿದ ಈ ನಮ್ಮ ಮಾವ, ಅಂದು ಎದ್ದು ನಿಂತು ಒಂದೇ ಮಾತಿನಲ್ಲಿ ತಮ್ಮ ಪರಿಚಯ ಮುಗಿಸಿದ್ದರು.

“ನಾನೇ.”