ಚಾವಡಿ ಗೋಡೆಯ ಮೇಲೆ ನಮ್ಮ ತೋಟದ ನಂಬರು

ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಅಡುಗೆಮನೆ ಗೋಡೆಯ ಕ್ಯಾಲೆಂಡರು ನೋಡಿ ನಾನೇ ಕಲಿತದ್ದು. ಅಂಕಿ ಬಂದವಳಿಗೆ ಅಕ್ಷರದ ಹಂಗೇಕೆ ಎಂದು ಹೊನ್ನವಳ್ಳಿಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಆ ವರ್ಷ ದೊಡ್ಡ ಕರೆಂಟಿನ ಲೈನು ತೋಟಗಳ ಮೇಲೆ ಹಾಯುತ್ತದೆ, ಅಡ್ಡ ಬಂದ ತೆಂಗನ್ನೆಲ್ಲ ಕಡಿಯುತ್ತಾರೆ ಎಂದು ಸುದ್ದಿ ಹಬ್ಬಿತು. ಅಷ್ಟರಲ್ಲೇ ಚಾವಡಿ ಗೋಡೆಗೆ ಸರ್ಕಾರದ ನೋಟೀಸು ಅಂಟಿಸಿದರು. ನಮ್ಮ ತೋಟದ ಸರ್ವೆ ನಂಬರು 12/4. ಪಕ್ಕದ ಮನೆ ಪುಟ್ಟಮ್ಮನದು 9/2. ಯಾರ ತೋಟವೇ ಆಗಲಿ, ಒಂದು ಅಂಕಿ, ಒಂದು ಓರೆಗೀಟು, ಇನ್ನೊಂದು ಅಂಕಿ. ಮಿಕ್ಕದ್ದನ್ನೆಲ್ಲ ಬಿಟ್ಟು ಆ ಆಕಾರವನ್ನು ಹುಡುಕಿದರೆ ಮುಗಿಯಿತು! ಸೆರಗು ಸಿಕ್ಕಿಸಿ ಬೆರಳಾಡಿಸಿದೆ. ಇಡೀ ಕಾಗದದಲ್ಲಿ ಅಂಥದ್ದು ಒಂದೇ ಇತ್ತು.

12/4.

"ನಮ್ದು ಐತೇನಕ್ಕಾ?" ಅಂದಳು ಪುಟ್ಟಮ್ಮ.

"ಇಲ್ಲ ಕಣೇ. ಈ ಬೀದೀಲಿ ಯಾರ್ದೂ ಇಲ್ಲ, ನೆಮ್ಮದಿಯಾಗಿರು. ಹಾಳಾಗಿದ್ದು ನಂದೊಂದೇ."

ಮನೆಯಲ್ಲಿ ಯಜಮಾನರು, "ಯಾರ್ ಕೈಲಾದ್ರೂ ಒಂದ್ಸಲ ಓದ್ಸೇ" ಅಂದರು.

"ಎರಡು ಅಂಕಿ ಓದಕ್ಕೆ ಮೇಷ್ಟ್ರು ಬೇಕೇನ್ರೀ?"

ಮರ ಸರ್ಕಾರಕ್ಕೆ ಹೋದರೆ ಹೋಗಲಿ, ಕಾಯಿ ಒಂದನ್ನೂ ಬಿಡಕೂಡದು ಎಂದು ನಿರ್ಧರಿಸಿದೆ. ಕಾಯಿ ಕೀಳುವ ರಂಗ ಮರ ನೋಡಿ ತಲೆ ಕೆರೆದುಕೊಂಡ.

"ಅವ್ವಾ, ಇನ್ನೂ ಎಳಸು. ವರ್ಷ ಅಟ್ಟದ ಮ್ಯಾಲಿಟ್ರೂ ಕೊಬ್ರಿಯಾಗಕಿಲ್ಲ, ಕೊಳೀತವೆ."

"ಕೊಳತ್ರೆ ನಮ್ಮನೇಲೇ ಕೊಳೀಲಿ. ಹತ್ತಲಾ!"

ಬೀದಿಯವರೆಲ್ಲ ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಕಾಯಿ ಹೊರಲು ಬಂದರು. ಮಧ್ಯಾಹ್ನ ತೋಟದ ಬಳಿ ಜೀಪೊಂದು ನಿಂತಿತು. ಬಂದರು ಮರ ಕಡಿಯುವವರು! ಮಚ್ಚು ಹಿಡಿದು ಅಡ್ಡ ನಿಂತೆ.

ಜೀಪಿನಿಂದ ಇಳಿದವನು ಕೇಳಿದ: "ಏನಮ್ಮಾ, ಒಬ್ರೂ ದನ ಹೊಡ್ಕೊಂಡು ಬರ್ಲಿಲ್ವಲ್ಲ? ನಿಮ್ಮ ಎಮ್ಮೆ ಎಲ್ಲಿ?"

"ತೋಟ ಸಾಲ್ದು ಅಂತ ಎಮ್ಮೆನೂ ಬೇಕೇನಯ್ಯಾ? ಕಾಲಿಟ್ಟೀಯ, ಜೋಕೆ!"

ಜೀಪು ಬಂದ ದಾರಿ ಹಿಡಿಯಿತು. ಬೀದಿಯವರು ನನ್ನನ್ನು ಹೊಗಳಿದರು. ನಾನೂ ಹೊಗಳಿಕೊಂಡೆ.

ಮಾರನೆಯ ದಿನ ಗ್ರಾಮಲೆಕ್ಕಿಗ ಬಂದ. ಪುಟ್ಟಮ್ಮ ಕೇಳಿದ್ದಕ್ಕೆ ನೋಟೀಸನ್ನು ಗಟ್ಟಿಯಾಗಿ ಓದಿದ. ತಾರೀಕು 12/4ರಂದು ದನದ ಡಾಕ್ಟರು ಊರಿಗೆ ಬರುವರು. ಕಾಲುಬಾಯಿ ಜ್ವರ ಬಾರದಂತೆ ಸಕಲರೂ ತಮ್ಮ ದನಕರುಗಳಿಗೆ ತಪ್ಪದೆ ಸೂಜಿ ಹಾಕಿಸತಕ್ಕದ್ದು. ತೋಟದ ಸುದ್ದಿಯೇ ಅದರಲ್ಲಿರಲಿಲ್ಲ.

12/4 ನಿನ್ನೆ!

ಪುಟ್ಟಮ್ಮ ನನ್ನ ಮುಖ ನೋಡಿದಳು. "ನೆಮ್ಮದಿಯಾಗಿರು ಅಂದ್ಯಲ್ಲಕ್ಕಾ."

ಜ್ವರ ಬಂದೇ ಬಂತು. ಅದಕ್ಕೆ ನೋಟೀಸು ಓದುವ ಕಷ್ಟವಿರಲಿಲ್ಲ. ಪುಟ್ಟಮ್ಮನ ಕರು ಸತ್ತಿತು. ನಮ್ಮ ಎಮ್ಮೆ ಬದುಕಿತು, ಹಾಲು ಬತ್ತಿತು. ಕರೆಂಟಿನ ಲೈನು ಬೇರೆ ಕಡೆ ತಿರುಗಿಕೊಂಡು ಹೋಯಿತು. ನಮ್ಮ ಒಂದು ಮರವನ್ನೂ ಯಾರೂ ಮುಟ್ಟಲಿಲ್ಲ. ಅಟ್ಟದ ಮೇಲೆ ಕಾಯಿ ಕೊಳೆತು ನಾತ ಬೀದಿಯ ತುದಿಯವರೆಗೂ ಹೊಡೆಯಿತು. ಪುಟ್ಟಮ್ಮ ಅವತ್ತಿನಿಂದ ನನ್ನನ್ನು ಅಕ್ಕಾ ಎಂದು ಕರೆದಿಲ್ಲ. ಕರೆಯಬೇಕಾಗಿಯೂ ಇಲ್ಲ.

ಆಮೇಲೆ ಯಜಮಾನರದು ದಿನಾ ಬೆಳಿಗ್ಗೆ ಒಂದೇ ರಾಗ. ಹಾಲಿಲ್ಲದ ಕಾಫಿ ಹಿಡಿದು, ಅಡುಗೆಮನೆಯ ಕ್ಯಾಲೆಂಡರಿನ ಕಡೆ ಗದ್ದ ಎತ್ತುತ್ತಿದ್ದರು.

"ಇವತ್ತು ಯಾರ್ ತೋಟ ಹೋಯ್ತು, ನೋಡೇಳೇ!"

ನೋಡಿ ಹೇಳುತ್ತಿದ್ದೆ. ಅಂಕಿ ಬರುತ್ತಿತ್ತಲ್ಲ!